ಏಳು ಕಡೆ ಎಣ್ಣೆ

ನಮ್ಮ ತಲೆಯ ಮೇಲೆ ಸದಾ ಸಾವಿರಾರು ತೆಂಗಿನಕಾಯಿಗಳಿರುತ್ತಿದ್ದವು. ಉಣ್ಣುವಾಗ, ಓದುವಾಗ, ಜಗಳವಾಡುವಾಗ, ಜ್ವರ ಬಂದು ಮಲಗಿದಾಗ. ಸಾವಿರಾರು ಎಂದು ಬರೆದೆನಲ್ಲ, ಎಣಿಸಿದವಳು ನಾನಲ್ಲ. ಕತ್ತೆತ್ತಿ ನೋಡಿದ ಮಗುವಿಗೆ ಅಷ್ಟು ಕಂಡಿರಬೇಕು. ತಿಪಟೂರು ಕಡೆಯ ತೋಟದ ಮನೆಗಳಲ್ಲಿ ಅಟ್ಟವನ್ನು ಕಟ್ಟುವುದೇ ಕಾಯಿಗಾಗಿ. ಕಿತ್ತ ಕಾಯಿಯನ್ನು ಮಟ್ಟೆ ಸುಲಿಯದೆ ಅಟ್ಟಕ್ಕೆ ಏರಿಸಿದರೆ ಅದು ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆ ಉಂಡೆಯನ್ನು ನಮ್ಮಲ್ಲಿ ಗಿಟುಕು ಅನ್ನುತ್ತೇವೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ. ಒಡೆದರೆ ಆ ಕಾಯಿ ಕೆಟ್ಟಂತೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಇನ್ನೂ ಹಸಿ. ಗಿಟುಕು ಚಿಪ್ಪಿಗೆ ಬಡಿದು ಗಟಗಟ ಎಂದರೆ ಆಯಿತು. ಹಾಲ್ಕುರಿಕೆ ದಾರಿಯಲ್ಲಿದ್ದ ನಮ್ಮ ಮನೆಯಲ್ಲಿ ಈ ಅಟ್ಟದ ಕೆಳಗೆ ಉದ್ದನೆಯ ಒಂದು ಕೋಣೆಯಿತ್ತು. ಅದನ್ನು ಅಪ್ಪ ಶೆಡ್ಡು ಅನ್ನುತ್ತಿದ್ದ. ಅವ್ವ ಕೆಳಮನೆ ಅನ್ನುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕನಿಗೆ ಅದು ಕಸದ ಕೋಣೆ.

ಅಲ್ಲಿ ಅಪ್ಪನ ಲೇತ್ ಇತ್ತು, ಲೋಹ ಕಡೆಯುವ ಯಂತ್ರ. ಕಾಲಲ್ಲಿ ತುಳಿದು ತಿರುಗಿಸುವಂಥದ್ದು. ಒಂದು ಮರದ ಬೆಂಚು, ಬೆಂಚಿಗೆ ಕಚ್ಚಿಕೊಂಡ ವೈಸಿನ ಇಕ್ಕಳ, ಗೋಡೆಗೆ ಸಾಲಾಗಿ ತೂಗುಹಾಕಿದ ಅರಗಳು. ಅಪ್ಪ ತೋಟ ಮಾಡಿಕೊಂಡಿದ್ದವನು. ಸುತ್ತಲಿನ ತೋಟಗಳಲ್ಲಿ ಪಂಪ್‌ಸೆಟ್ಟು ಕೆಟ್ಟರೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ನನ್ನ ನೆನಪಿನಲ್ಲಿ ಆ ಕೋಣೆಯ ಪೂರ್ವದ ಕಿಟಕಿಯಿಂದ ಬಿಸಿಲು ಬಿದ್ದು ನೆಲದ ಮೇಲಿನ ಹಿತ್ತಾಳೆಯ ಸುರುಳಿಗಳು ಹೊಳೆಯುತ್ತಿವೆ. ಹೋದ ವರ್ಷ ಹೋಗಿ ನೋಡಿದೆ. ಪೂರ್ವದ ಗೋಡೆಗೆ ಕಿಟಕಿಯೇ ಇಲ್ಲ. ಇದ್ದು ಮುಚ್ಚಿದ ಗುರುತೂ ಇಲ್ಲ. ಹಾಗಾದರೆ ಇಷ್ಟು ವರ್ಷ ನಾನು ಕಾಪಾಡಿಕೊಂಡು ಬಂದ ಆ ಬಿಸಿಲು ಎಲ್ಲಿಯದು? ಗೊತ್ತಿಲ್ಲ. ಅವತ್ತಿನಿಂದ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಕೈಗೆ ಸಿಗುವ ವಸ್ತು ಸಾಕ್ಷಿ ಹೇಳುವುದನ್ನು ನೇರವಾಗಿ ಬರೆಯುತ್ತೇನೆ. ಉಳಿದದ್ದರ ಜೊತೆಗೆ ಅನುಮಾನವನ್ನೂ ಬರೆಯುತ್ತೇನೆ. ಕೈಗೆ ಸಿಗುವ ವಸ್ತು ಒಂದೇ ಒಂದು ಉಳಿದಿದೆ, ಅದು ಈಗ ನನ್ನ ಬರೆಯುವ ಮೇಜಿನ ಮೇಲಿದೆ. ಎರಡಡಿ ಉದ್ದದ ಹಲಸಿನ ಹಲಗೆಯ ಮೇಲೆ ಕೂತ, ತಾಮ್ರ ಹಿತ್ತಾಳೆ ಕಬ್ಬಿಣಗಳ, ಹಬೆಯಿಂದ ಓಡುವ, ನೀರೆತ್ತುವ ಎಂಜಿನ್ನು. ನಿಜವಾದದ್ದರ ಹನ್ನೆರಡರಲ್ಲಿ ಒಂದು ಪಾಲು.

ನಿಜವಾದದ್ದನ್ನು ಓಡಿಸಿದವರು ತಾತ, ಅಪ್ಪನ ಅಪ್ಪ. ಮೀಸೆ ಮೂಡುವ ಮೊದಲೇ ಮನೆಯಲ್ಲಿ ಜಗಳವಾಡಿಕೊಂಡು ದೂರದ ಒಂದು ಗಿರಣಿ ಊರಿಗೆ ಹೋದವರು, ಅಲ್ಲಿಯ ನೀರಿನ ಪಂಪ್‌ಹೌಸಿನಲ್ಲಿ ಇಪ್ಪತ್ತೆರಡು ವರ್ಷ ಇದ್ದರು. ಕರೆಂಟಿನ ಮೋಟಾರು ಬಂತು, ಎಂಜಿನ್ನನ್ನು ಒಡೆದು ಗುಜರಿಗೆ ಹಾಕಿದರು, ತಾತ ತೋಟಕ್ಕೆ ವಾಪಸು ಬಂದರು. ಇದು ತಾತ ಹೇಳುತ್ತಿದ್ದ ಕತೆ. ಇದಕ್ಕೆ ಒಂದು ಫೋಟೋ ಇಲ್ಲ, ಒಂದು ಕಾಗದ ಇಲ್ಲ. ನನಗೆ ಹತ್ತು ವರ್ಷವಿದ್ದಾಗ ಒಂದು ಯುಗಾದಿಯ ಮಧ್ಯಾಹ್ನ, ಎಲೆಯ ಮೇಲೆ ಒಬ್ಬಟ್ಟು ಬಿದ್ದ ಹೊತ್ತಿಗೆ, ಚಿಕ್ಕತಾತ ಮಾತು ತೆಗೆದರು. ಅವರು ತಾತನ ತಮ್ಮ, ಪಕ್ಕದ ತೋಟದವರು, ತುಂಬಿದ ಪಂಕ್ತಿಯಲ್ಲಿ ಅಣ್ಣನನ್ನು ಕೆಣಕುವುದೆಂದರೆ ಅವರಿಗೆ ಒಬ್ಬಟ್ಟಿಗಿಂತ ರುಚಿ.

"ಅಣ್ಣ ಎಂಜಿನ್ ಓಡ್ಸಿದ್ದೆ ಅಂತ ಊರೆಲ್ಲಾ ಹೇಳ್ಕಂಡು ಬತ್ತದೆ. ನೋಡ್ದೋರು ಯಾರವ್ರೆ? ಇದ್ದಲು ಹೊರಾಕೆ ಹೋದೆ, ಹೊತ್ತೆ, ಬಂದೆ. ಅಷ್ಟೇ ಕಣಣ್ಣ."

"ಓಡ್ಸಿದ್ದೆ ಕಣ್ಲಾ."

"ಒಂದು ಫೋಟೋ ತೋರ್ಸು ಮತ್ತೆ."

"ಮಸಿ ಬಳ್ಕಂಡಿದ್ದ ನನ್ನ ಮೂತೀನ ಯಾವನ್ಲಾ ಫೋಟೋ ತೆಗೀತಿದ್ದ?"

ಎಲ್ಲರೂ ನಕ್ಕರು. ತಾತನೂ ನಕ್ಕರು. ಆದರೆ ಆ ವರ್ಷ ತಾತನಿಗೆ ಮರೆವು ಶುರುವಾಗಿತ್ತು. ನನ್ನನ್ನು ಅಕ್ಕನ ಹೆಸರಿನಿಂದ ಕರೆಯುತ್ತಿದ್ದರು. ಉಂಡು ಕೈ ತೊಳೆದು ಬಂದು, ಇವತ್ತು ಊಟಕ್ಕೆ ಇನ್ನೂ ಹೊತ್ತೈತಾ ಎನ್ನುತ್ತಿದ್ದರು. ನೆಂಟರೆಲ್ಲ ಹೋದ ಮೇಲೆ ಜಗಲಿಯಲ್ಲಿ ಅಪ್ಪನ ಪಕ್ಕ ಕೂತು ತಗ್ಗಿದ ದನಿಯಲ್ಲಿ ಕೇಳಿದರು. ಕೇಳಿಸಿಕೊಂಡವರು ಅಪ್ಪ, ನಾನು, ಮತ್ತು ಬಾಗಿಲ ಹಿಂದಿದ್ದ ಅವ್ವ.

"ನಾನು ಅಲ್ಲಿದ್ದೆ ತಾನೆ ಕಣಪ್ಪ?"

ಅಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಹೊರಗೆ ಉಗಿದು ಬಂದ. ಕಡಿಮೆ ಮಾತಿನವನು. ಅವನು ಬಾಯಿ ಖಾಲಿ ಮಾಡಿಕೊಂಡು ಬಂದನೆಂದರೆ ಏನೋ ಗಟ್ಟಿಯಾದದ್ದನ್ನು ಹೇಳುತ್ತಾನೆಂದು ನಮಗೆಲ್ಲ ಗೊತ್ತಿತ್ತು.

"ಅಳತೆ ಹೇಳು ಅಪ್ಪಯ್ಯ. ಕಟ್ತೀನಿ."

"ಏನ್ ಕಟ್ತೀಯ?"

"ಎಂಜಿನ್ನ."

"ಈ ಮನೆ ಉದ್ದ ಇತ್ತು ಕಣ್ಲಾ ಅದು!"

"ಸಣ್ಣದಾಗಿ ಕಟ್ತೀನಿ. ಆದ್ರೆ ನೀನು ಹೇಳಿದ್ದೇ ಅಳತೆ, ಅದು ಓಡ್ಲೇಬೇಕು. ಸುಳ್ಳು ಅಳತೆಗೆ ಎಂಜಿನ್ ಓಡಲ್ಲ. ಓಡ್ತೋ, ನೀನು ಅಲ್ಲಿದ್ದೆ."

ಓಡದಿದ್ದರೆ ಎಂದು ಯಾರೂ ಕೇಳಲಿಲ್ಲ.

ತಾತನ ಅಳತೆಗಳೆಲ್ಲ ಮೈಯ ಅಳತೆಗಳು. ಪಿಸ್ಟನ್ನು ಹೋಗಿ ಬರುವ ದೂರ ಎರಡು ಮೊಳ. ಸಿಲಿಂಡರಿನ ಬಾಯಿ ಒಂದು ಗೇಣು ನಾಲ್ಕು ಬೆರಳು. ಚಕ್ರ ಎದೆಮಟ್ಟ. ಎಣ್ಣೆ ಹಾಕುವ ಬಟ್ಟಲುಗಳು ಏಳು. ಅಪ್ಪ ಅವರನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಎದೆಯ ಮೇಲಿನ ಲಿಂಗದ ಕರಡಿಗೆಯ ನೇರಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದ. ನೆಲದಿಂದ ನಾಲ್ಕಡಿ. ಅಡಿಗೆ ಒಂದು ಅಂಗುಲದಂತೆ ಕಟ್ಟುವುದೆಂದು ಲೆಕ್ಕ ಮಾಡಿ, ನಾಲ್ಕು ಅಂಗುಲದ ಚಕ್ರ ಎಂದು ನನ್ನ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡ. ಆ ಪೆನ್ಸಿಲ್ ಗುರುತಿಗಾಗಿಯೂ ಹುಡುಕಿದೆ. ಚೌಕಟ್ಟಿಗೆ ಯಾರೋ ಬಣ್ಣ ಬಳಿದುಬಿಟ್ಟಿದ್ದಾರೆ.

ಮುಂದಿನ ಒಂದು ವರ್ಷ ನಮ್ಮ ಮನೆಯ ಸದ್ದೇ ಬೇರೆಯಾಯಿತು. ಬೆಳಿಗ್ಗೆ ತೋಟದ ಕೆಲಸ ಮುಗಿಸಿ ಬಂದವನೇ ಅಪ್ಪ ಲೇತ್ ತುಳಿಯುತ್ತಿದ್ದ. ಉಣ್ಣಲು ಕರೆದರೆ "ಬತ್ತೀನಿ" ಅನ್ನುತ್ತಿದ್ದ, ಬರುತ್ತಿರಲಿಲ್ಲ. ಮುದ್ದೆ ಆರುತ್ತಿತ್ತು; ಅವ್ವನ ಸಿಟ್ಟು ಆರುತ್ತಿರಲಿಲ್ಲ. ಸಿಲಿಂಡರನ್ನು ಮೂರು ಸಲ ಕೊರೆದು ಮೂರನ್ನೂ ಎಸೆದು, ನಾಲ್ಕನೆಯದನ್ನು ಇಟ್ಟುಕೊಂಡ. ಪಿಸ್ಟನ್ನಿನ ಕಂಬಿ ಹೊರಬರುವ ತೂತಿನಲ್ಲಿ ಗಾಳಿ ಸೋರದಂತೆ ಮೊದಲು ತೆಂಗಿನ ನಾರು ಸುತ್ತಿದ, ತೋಟದವನಿಗೆ ಬೇರೆ ಏನು ಹೊಳೆದೀತು. ನಾರು ಕಂಬಿಯನ್ನು ಕೆರೆಯಿತು, ಗಾಳಿಯೂ ಸೋರಿತು. ಕೊನೆಗೆ ಅವ್ವ ದೇವರ ದೀಪಕ್ಕೆ ಹೊಸೆದಿಟ್ಟಿದ್ದ ಹತ್ತಿಯ ಬತ್ತಿಗಳನ್ನು ಅವಳು ನೋಡದಿದ್ದಾಗ ತಂದು ಎಣ್ಣೆಯಲ್ಲಿ ಅದ್ದಿ ಸುತ್ತಿದ. ಸೋರುವುದು ನಿಂತಿತು. ಸಂಜೆ ಬತ್ತಿಯ ಡಬ್ಬಿ ತೆರೆದ ಅವ್ವ ಎರಡು ದಿನ ಅವನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಅವಳೇ ತೊಡೆಯ ಮೇಲೆ ಇನ್ನೂ ಸಣ್ಣನೆಯ ಬತ್ತಿ ಹೊಸೆದು ಬೆಂಚಿನ ಮೇಲೆ ಇಟ್ಟು ಬಂದಳು. ಅಟ್ಟಕ್ಕೆ ಏರಿದ ಕಾಯಿ ಇಳಿಯುವ ಹೊತ್ತಿಗೆ ಎಂಜಿನ್ನು ಹಲಗೆಯ ಮೇಲೆ ಕೂತಿತ್ತು. ಬಾಯ್ಲರ್ ಇನ್ನೂ ಆಗಿರಲಿಲ್ಲ. ಪರೀಕ್ಷೆಗೆಂದು ಸೈಕಲ್ ಪಂಪಿನಿಂದ ಗಾಳಿ ಹೊಡೆದೆವು, ಅಕ್ಕ ಇಪ್ಪತ್ತು ಸಲ, ನಾನು ಇಪ್ಪತ್ತು ಸಲ.

ಚಕ್ರ ಅರ್ಧ ಸುತ್ತು ತಿರುಗಿ ನಿಂತಿತು. ಬೆರಳಿನಿಂದ ದಾಟಿಸಿದರೆ ಇನ್ನರ್ಧ ಸುತ್ತು ಹೋಗಿ ಮತ್ತೆ ನಿಂತಿತು. ಯಾಕೆಂದು ಅಪ್ಪ ನಮಗೆ ಅಕ್ಕಿ ಆರಿಸುವ ಮೊರದ ಮೇಲೆ ಗೆರೆ ಎಳೆದು ತೋರಿಸಿದ. ಪಿಸ್ಟನ್ನಿನಿಂದ ಚಕ್ರಕ್ಕೆ ಹೋಗುವ ಕಂಬಿಯೂ ಚಕ್ರದ ಅಚ್ಚೂ ಒಂದೇ ನೇರಕ್ಕೆ ಬಂದಾಗ ಹಬೆ ಎಷ್ಟು ನೂಕಿದರೂ ತಿರುಗುವುದಿಲ್ಲ. ಆ ಒಂದು ಕ್ಷಣವನ್ನು ಚಕ್ರ ತನ್ನ ಭಾರದಿಂದಲೇ ದಾಟಬೇಕು. ನಮ್ಮ ಚಕ್ರಕ್ಕೆ ಆ ಭಾರವಿಲ್ಲ. ಹಾಗಾದರೆ ದೊಡ್ಡ ಚಕ್ರ ಹಾಕು ಎಂದಳು ಅಕ್ಕ. ಅಪ್ಪ ತಲೆಯಾಡಿಸಿದ. ತನಗೆ ಬೇಕಾದಂತೆ ಚಕ್ರ ಹಾಕಿದರೆ ಓಡುವುದು ತನ್ನ ಎಂಜಿನ್ನು, ತಾತನದಲ್ಲ. ಸುದ್ದಿ ಕೇಳಿ ಚಿಕ್ಕತಾತ ನೋಡಲು ಬಂದರು. ತಾವೇ ಎರಡು ಸಲ ಪಂಪು ಹೊಡೆದು, ಚಕ್ರ ನಿಂತದ್ದನ್ನು ಕಣ್ಣಾರೆ ಕಂಡು, ತೃಪ್ತಿಯಿಂದ ಎದ್ದರು.

"ನಿಮ್ಮಪ್ಪನ ಕತೆ ಹಂಗೇ ಕಣ್ಲಾ. ಅರ್ಧಕ್ಕೆ ನಿಲ್ತದೆ."

ತಾತ ಅಲ್ಲೇ ಕೂತಿದ್ದರು. ಸಿಟ್ಟಾಗಬಹುದೆಂದು ನಾನು ಕಾದೆ. ಅವರು ಅಪ್ಪನ ಕಡೆ ನೋಡಿ, "ಇರ್ಲಿಲ್ವೇನೋ ಬುಡಪ್ಪ. ನಾನು ಇದ್ದಲು ಹೊತ್ತಿರಬೋದು" ಎಂದರು. ಅಪ್ಪ ಚಕ್ರವನ್ನು ಬಿಚ್ಚಿ ಬೆಂಚಿನ ಮೇಲಿಟ್ಟ. "ಆಗ್ತದೆ ಬುಡು" ಎಂದ. ಆದರೆ ಮುಂದೆ ಎಷ್ಟೋ ದಿನ ಅವನ ಲೇತ್ ಸುಮ್ಮನಿತ್ತು. ಬೆಂಚಿನ ಮುಂದೆ ಕೂತು ನೋಟುಪುಸ್ತಕದ ಆ ಹಾಳೆಯನ್ನೇ ನೋಡುತ್ತಿದ್ದ.

ಈಗ ತಾತನ ಪ್ರದಕ್ಷಿಣೆಯ ವಿಷಯ ಬರೆಯಬೇಕು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈ ಮೇಲೆ ಲಿಂಗವಿಟ್ಟುಕೊಂಡು ಪೂಜೆ ಮುಗಿಸಿದ ಮೇಲೆ ತಾತ ಅಂಗಳಕ್ಕೆ ಬಂದು ಒಂದು ಸುತ್ತು ಹಾಕುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದಲೂ ಇದ್ದ ರೂಢಿ. ಅಂಗಳದ ಒರಳುಕಲ್ಲಿನ ಹತ್ತಿರ ಶುರು. ನಾಲ್ಕು ಹೆಜ್ಜೆ ನಡೆದು ನಿಲ್ಲುವುದು, ಸ್ವಲ್ಪ ಬಗ್ಗುವುದು. ಮತ್ತೆ ಮೂರು ಹೆಜ್ಜೆ, ನಿಲ್ಲುವುದು. ಹೀಗೆ ಏಳು ಕಡೆ. ಮಠದ ಸ್ವಾಮಿಗಳು ಹೇಳಿಕೊಟ್ಟ ಯಾವುದೋ ವ್ರತವೆಂದು ಅವ್ವ ನಂಬಿದ್ದಳು. ಆ ಹೊತ್ತಿನಲ್ಲಿ ಅಂಗಳಕ್ಕೆ ಕಸ ಚೆಲ್ಲಲು ಬಿಡುತ್ತಿರಲಿಲ್ಲ. ಎಂಜಿನ್ನು ನಿಂತುಹೋಗಿದ್ದ ಆ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ಅವರ ಬೆನ್ನ ಹಿಂದೆ ಅವರಂತೆಯೇ ನಡೆದು ಅಣಕಿಸುತ್ತಿದ್ದೆ. ಅಕ್ಕ ಜಗಲಿಯಲ್ಲಿ ಬಾಯಿಗೆ ಲಂಗ ಒತ್ತಿಕೊಂಡು ನಗುತ್ತಿದ್ದಳು. (ಅಕ್ಕನ ಪ್ರಕಾರ ಅಣಕಿಸಿದವಳು ಅವಳು, ನಕ್ಕವಳು ನಾನು. ಇದಕ್ಕೆ ಸಾಕ್ಷಿ ಹೇಳುವ ವಸ್ತು ಇಲ್ಲ. ಅವಳು ಬರೆಯುವ ದಿನ ಅವಳೇ ಹಿಂದೆ ನಡೆಯಲಿ.) ಐದನೆಯ ನಿಲುಗಡೆಯ ಹತ್ತಿರ ತಾತ ಸದಾ ಒಂದು ವಿಚಿತ್ರ ಮಾಡುತ್ತಿದ್ದರು. ಸಮನೆಲದ ಮೇಲೆ ಒಂದೊಂದೇ ಕಾಲನ್ನು ಹುಷಾರಾಗಿ ಮುಂದಿಟ್ಟು, ಪ್ರತಿ ಸಲವೂ ಮಂಡಿ ಇನ್ನಷ್ಟು ಬಗ್ಗಿಸಿ, ಕೊನೆಗೆ ಕುಕ್ಕರುಗಾಲಲ್ಲಿ ಕೂತು ಕೈ ಮೇಲೆತ್ತುತ್ತಿದ್ದರು. ಮಂಡಿನೋವು ಅಂದುಕೊಂಡಿದ್ದೆವು. ನಾನೂ ಹಾಗೇ ಮಾಡಲು ಹೋದೆ. ತಾತ ತಟ್ಟನೆ ತಿರುಗಿ ನನ್ನ ರಟ್ಟೆ ಹಿಡಿದರು.

"ನೋಡ್ಕಂಡು ಕಣವ್ವ! ಮೆಟ್ಲೈತೆ ಅಲ್ಲಿ, ಬಿದ್ದೀಯ."

"ಎಲ್ಲಿ ತಾತ ಮೆಟ್ಲು?"

"ಇಲ್ಲಲ್ವಾ, ಗುಂಡಿಗೆ ಇಳ್ಯಾಕೆ. ಚಕ್ರದ ಗುಂಡಿ."

ನಾನು ಕೂಗಿದೆನೋ, ಅಕ್ಕ ಕೂಗಿದಳೋ, ಅಪ್ಪ ಹಲ್ಲುಜ್ಜುವ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಓಡಿಬಂದ.

"ಅಪ್ಪಯ್ಯ, ಚಕ್ರ ಗುಂಡಿಯೊಳಗಿತ್ತಾ?"

"ಅರ್ಧ ಒಳಗೆ, ಅರ್ಧ ಮೇಲೆ. ಇನ್ನೆಲ್ಲಿರ್ತದೆ ಅಷ್ಟು ದೊಡ್ಡ ಚಕ್ರ?"

"ಮತ್ತೆ ಎದೆಮಟ್ಟ ಅಂದೆ!"

"ಎದೆಮಟ್ಟವೇ. ನಾನು ನಿಂತಿದ್ದು ಮೇಲಲ್ವಾ?"

ಅಪ್ಪ ಬೇವಿನ ಕಡ್ಡಿ ಉಗಿದ. ನೆಲದ ಮೇಲೆ ಕಂಡ ಅರ್ಧ ಚಕ್ರವೇ ಎದೆಮಟ್ಟ ಎಂದರೆ ಇಡೀ ಚಕ್ರ ಎಂಟಡಿ. ನಮ್ಮದು ನಾಲ್ಕಲ್ಲ, ಎಂಟು ಅಂಗುಲದ್ದಾಗಬೇಕು. ತಾತ ತಪ್ಪು ಹೇಳಿರಲಿಲ್ಲ. ಅವರು ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂದು ನಾವು ಕೇಳಿರಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅಪ್ಪನಿಗೆ ಅದು ಹೊಳೆದದ್ದು ಅವನ ಮುಖದಲ್ಲೇ ಗೊತ್ತಾಯಿತು. ಈ ಮನುಷ್ಯ ಮೂವತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದಾನೆ. ಬಾಯಿಗೆ ಮರೆತದ್ದು ಕಾಲಿಗೆ ಗೊತ್ತು. ಅಪ್ಪ ನೆಟ್ಟಗೆ ಒಳಗೆ ಹೋಗಿ ಅವ್ವನ ರಂಗೋಲಿ ಡಬ್ಬಿ ತಂದ. ಮರುದಿನ ತಾತ ಸುತ್ತು ಹಾಕುವಾಗ ಅವರು ನಿಂತಲ್ಲೆಲ್ಲ ಅವರ ಪಾದದ ಪಕ್ಕ ಒಂದು ಚಿಟಿಕೆ ಪುಡಿ ಹಾಕುತ್ತಾ ಹೋದ. ಅದರ ಮರುದಿನವೂ, ಮೂರನೆಯ ದಿನವೂ ಹಾಕಿದ. ಮೂರು ದಿನದ ಚುಕ್ಕೆಗಳು ಒಂದು ಬೆರಳೂ ಆಚೀಚೆ ಆಗಲಿಲ್ಲ. ಆ ಏಳು ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದಾಗ ಅಂಗಳದ ಉದ್ದಕ್ಕೂ ಒಂದು ಎಂಜಿನ್ನು ಮಲಗಿತ್ತು, ಅದರ ನಿಜವಾದ ಗಾತ್ರದಲ್ಲಿ. ಬಿಂದಿಗೆ ಹಿಡಿದು ಬಂದ ಅವ್ವ ಒಂದು ಗೆರೆಯನ್ನೂ ತುಳಿಯದೆ ಸುತ್ತಿ ಬಳಸಿ ಬಂದಳು.

"ಡಬ್ಬಿ ಪೂರ್ತಿ ಖಾಲಿ ಮಾಡಿದ್ರೇನ್ರೀ?"

"ತಂದು ಕೊಡ್ತೀನಿ ಕಣೇ."

"ತನ್ನಿ, ತನ್ನಿ. ನಾಳೆ ಬಾಗಿಲಿಗೆ ಏನ್ ಹಾಕ್ಲಿ, ನಿಮ್ಮ ಪಿಸ್ಟನ್ನಾ?"

ಎಂಟು ಅಂಗುಲದ ಚಕ್ರ ನಮ್ಮ ಲೇತಿನ ಬಾಯಿಗೆ ಹಿಡಿಯುತ್ತಿರಲಿಲ್ಲ. ಅಪ್ಪ ಲೇತಿನ ತಲೆಯನ್ನೇ ಬಿಚ್ಚಿ, ಕಬ್ಬಿಣದ ದಪ್ಪ ತುಂಡುಗಳನ್ನು ಅರದಿಂದ ಉಜ್ಜಿ ಮಟ್ಟ ಮಾಡಿ, ಅವುಗಳ ಮೇಲೆ ಎತ್ತಿ ಕೂರಿಸಿದ. ಆ ತುಂಡುಗಳನ್ನು ಉಜ್ಜಲು ಎರಡು ತಿಂಗಳು ಹಿಡಿಯಿತು. ಒಂದು ಕೂದಲೆಳೆ ವ್ಯತ್ಯಾಸವಿದ್ದರೆ ಚಕ್ರ ಸೊಟ್ಟಗಾಗುತ್ತದೆಂದು ಮತ್ತೆ ಬಿಚ್ಚುತ್ತಿದ್ದ, ಮತ್ತೆ ಉಜ್ಜುತ್ತಿದ್ದ. ಅಂಗೈಯ ಬೊಬ್ಬೆ ಒಡೆದು ಮುದ್ದೆ ಮುರಿಯಲಾಗದೆ ಎಡಗೈಯಲ್ಲಿ ಉಂಡ ದಿನಗಳಿದ್ದವು. ಎಡಗೈಯಲ್ಲಿ ಉಣ್ಣಬಾರದೆಂದು ಹೇಳಲು ಬಾಯಿ ತೆರೆದ ಅವ್ವ ಸುಮ್ಮನೆ ತುತ್ತು ಮುರಿದು ಸಾರಿನಲ್ಲಿ ಅದ್ದಿ ಅವನ ತಟ್ಟೆಯಲ್ಲಿ ಸಾಲಾಗಿ ಇಟ್ಟದ್ದು ನೆನಪಿದೆ. ಹೊಸ ಚಕ್ರ ಕೂರಿಸಿ ನಾವು ಸೈಕಲ್ ಪಂಪು ಹೊಡೆದಾಗ ಅದು ಒಂದು ಸುತ್ತು ಹೋಯಿತು, ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ, ಎರಡನೆಯ ಸುತ್ತಿಗೆ ಹೋಯಿತು. ತಾತನನ್ನು ಕರೆಯೋಣ ಎಂದೆ. ಅಪ್ಪ ಬೇಡವೆಂದ. ಗಾಳಿಯಲ್ಲಿ ಓಡಿದ್ದು ಓಡಿದಂತಲ್ಲ, ಬೆಂಕಿ ಬೇಕು, ಹಬೆ ಬೇಕು.

ಬೆಂಕಿಯ ವಿಷಯಕ್ಕೆ ಬಂದಾಗ ಮನೆಯಲ್ಲಿ ನಿಜವಾದ ಜಗಳವಾಯಿತು. ಒಣಗಿದ ಕಾಯಿ ತುಂಬಿದ ಅಟ್ಟದ ಕೆಳಗೆ ಕಡ್ಡಿ ಗೀರಿದರೂ ತಾನು ತವರಿಗೆ ಹೋಗುತ್ತೇನೆಂದಳು ಅವ್ವ. ಅಪ್ಪ ಒಪ್ಪಿ ಬಾಯ್ಲರನ್ನು ಅಂಗಳಕ್ಕೆ ಸಾಗಿಸಿದ. ತಾಮ್ರದ ಹಾಳೆ ಬಗ್ಗಿಸಿ ಮಾಡಿದ ಹಂಡೆಯಂಥದ್ದು. ಜೋಡುಗಳಿಗೆ ಸೀಮೆಣ್ಣೆ ಡಬ್ಬಕ್ಕೆ ಹಾಕುವ ಸೀಸದ ಬೆಸುಗೆ. ಅವ್ವ ತುರುವೇಕೆರೆಯ ತವರಿಗೆ ಜಗಳವಿಲ್ಲದೆಯೇ ಹೋಗಿದ್ದ ಒಂದು ದಿನ ಬೆಂಕಿ ಹಚ್ಚಿದೆವು. ಮನೆಯ ತುಂಬ ಕೊಬ್ಬರಿ ತೆಗೆದ ಚಿಪ್ಪು. ನಮ್ಮ ತೋಟದ ಚಿಪ್ಪಿನಲ್ಲೇ ಎಂಜಿನ್ ಓಡಲಿ ಎಂಬ ಹುರುಪಿನಲ್ಲಿ ಅಪ್ಪ ಬುಟ್ಟಿಗಟ್ಟಲೆ ಸುರಿದ. ಚಿಪ್ಪಿನ ಬೆಂಕಿ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ಏಕೆಂದರೆ ಅವನು ಜನ್ಮದಲ್ಲಿ ಒಲೆಯ ಮುಂದೆ ಕೂತವನಲ್ಲ. ಸ್ವಲ್ಪ ಹೊತ್ತಿಗೆ ಬೆಸುಗೆ ಬೆಣ್ಣೆಯಂತೆ ಕರಗಿ ಇಳಿಯಿತು, ಜೋಡು ಬಾಯಿಬಿಟ್ಟಿತು, ಬಿಸಿನೀರು ಬೆಂಕಿಗೆ ಬಿದ್ದು ಬೂದಿಯೆಲ್ಲ ನಮ್ಮ ಮೇಲೆ. ಸುಟ್ಟದ್ದು ಅಪ್ಪನ ಪಂಚೆಯ ಅಂಚು ಮಾತ್ರ. ಮರುದಿನ ಬಂದ ಅವ್ವ ಅಂಗಳದ ಬೂದಿಯನ್ನು ಕಾಲ್ಬೆರಳಲ್ಲಿ ಕೆದಕಿ ನೋಡಿದಳು.

"ಚಿಪ್ಪು ಹಾಕಿದ್ರಾ?"

"ಹೂಂ."

"ಒಬ್ಬಟ್ಟಿಗೇ ಚಿಪ್ಪಿನ ಬೆಂಕಿ ಹಾಕಲ್ಲ ಕಣ್ರೀ, ಹೊತ್ತೋಗ್ತದೆ ಅಂತ. ಇದಕ್ಕೆ ಹಾಕಿದ್ರಾ? ಒಂದ್ ಮಾತು ಕೇಳೋಕೆ ಬಾಯಿರ್ಲಿಲ್ವಾ?"

ಅಪ್ಪ ಬಾಯ್ಲರನ್ನು ಸೈಕಲ್ಲಿಗೆ ಕಟ್ಟಿಕೊಂಡು ತಿಪಟೂರಿಗೆ ಹೋಗಿ, ಪಾತ್ರೆ ಮಾಡುವವರ ಹತ್ತಿರ ಹಿತ್ತಾಳೆಯ ಬೆಸುಗೆ ಹಾಕಿಸಿಕೊಂಡು ಬಂದ. ಬೆಂಕಿ ಅವ್ವನ ಕೈಗೆ ಹೋಯಿತು. ಅವಳು ಚಿಪ್ಪನ್ನು ಮುಟ್ಟಲಿಲ್ಲ. ಕಾಯಿ ಸುಲಿದ ಮಟ್ಟೆಯನ್ನು ಸೀಳಿ, ಒಂದೊಂದೇ ಹೋಳನ್ನು ಒಲೆಗೆ ಇಡುವಂತೆ ಇಟ್ಟಳು. ಹೊಗೆಯಿತ್ತು, ಆದರೆ ಕಾವು ಒಂದೇ ಸಮ.

ಓಡಿಸುವ ದಿನ ಬೆಳಿಗ್ಗೆ ಅಪ್ಪ ತಾನೇ ಹೋಗಿ ಚಿಕ್ಕತಾತನನ್ನು ಕರೆತಂದ. ತಾತ ಪೂಜೆ ಮುಗಿಸಿ ಬಂದು ಮಣೆಯ ಮೇಲೆ ಕೂತರು. ಹಲಗೆಯ ಒಂದು ಕಡೆ ನೀರು ತುಂಬಿದ ಬೋಗುಣಿ, ಇನ್ನೊಂದು ಕಡೆ ಖಾಲಿ ತಂಬಿಗೆ. ಅವ್ವ ಮಟ್ಟೆ ಇಟ್ಟಳು. ಹಬೆ ಸೀಟಿ ಹಾಕಿತು. ಅಪ್ಪ ನಲ್ಲಿ ತಿರುಗಿಸಿ ಚಕ್ರಕ್ಕೆ ಬೆರಳು ತಾಗಿಸಿದ. ಒಂದು ಸುತ್ತು, ಇನ್ನೊಂದು ಸುತ್ತು, ಆಮೇಲೆ ಎಣಿಸುವುದು ಬಿಟ್ಟೆವು. ಪಂಪು ಎರಡು ಸಲ ಬಿಕ್ಕಳಿಸಿ ಬೋಗುಣಿಯ ನೀರನ್ನು ತಂಬಿಗೆಗೆ ಎತ್ತಿ ಸುರಿಯತೊಡಗಿತು. ಚಿಕ್ಕತಾತ ಬಗ್ಗಿ ತಂಬಿಗೆಯೊಳಗೆ ಇಣುಕಿದರು. ತಾತ ಮಣೆಯನ್ನು ಹತ್ತಿರ ಎಳೆದುಕೊಂಡರು. ಕೊಬ್ಬರಿ ಎಣ್ಣೆಯ ಬಟ್ಟಲಿಗೆ ಕಿರುಬೆರಳು ಅದ್ದಿ, ಏಳು ಕಡೆಯೂ ಒಂದೊಂದು ತೊಟ್ಟು ಬಿಟ್ಟರು, ಅಂಗಳದಲ್ಲಿ ಸುತ್ತುತ್ತಿದ್ದ ಕ್ರಮದಲ್ಲೇ. ಏಳಾಯಿತು. ಅವರ ಕೈ ನಿಲ್ಲಲಿಲ್ಲ. ಸಿಲಿಂಡರಿನ ನೆತ್ತಿಯ ಮೇಲೆ ಹೋಗಿ, ಅಲ್ಲಿ ಇಲ್ಲದ ಏನನ್ನೋ ಎರಡು ಬೆರಳಲ್ಲಿ ತಿರುವಿ, ಪಿಸ್ಟನ್ನು ಒಂದು ಸಲ ಹೋಗಿ ಬರುವಷ್ಟು ಹೊತ್ತು ಕಾದು, ಮತ್ತೆ ತಿರುವಿ ಮುಚ್ಚಿತು. ಆಮೇಲೆ ತಾತ ಸುಟ್ಟುಕೊಂಡವರಂತೆ ಕೈ ಎಳೆದುಕೊಂಡರು.

"ಅಲ್ಲೇನಿತ್ತು ಅಪ್ಪಯ್ಯ?"

"ಏನಿಲ್ಲ."

"ಇತ್ತು. ಕೈ ಹೋಯ್ತು."

"ಅಲ್ಲೊಂದು ಬಟ್ಲಿತ್ತು."

"ಏಳೇ ಅಂದಿದ್ದೆ?"

"ನಿಂತಾಗ ಏಳು. ಎಂಟ್ನೇದಕ್ಕೆ ಓಡ್ವಾಗ ಹಾಕ್ಬೇಕು. ಹಬೆ ಜೊತೆ ಅದು ಒಳಕ್ಕೆ ಹೋಗ್ತದೆ."

"ಅದ್ಕೆ ಎಂಥ ಎಣ್ಣೆ?"

ತಾತ ಎದೆಯ ಮೇಲಿನ ಕರಡಿಗೆಯ ಮೇಲೆ ಅಂಗೈ ಇಟ್ಟು ಅದನ್ನು ಮುಚ್ಚಿದರು. ಅದು ಕೇಳಿಸಿಕೊಳ್ಳಬಾರದು ಎಂಬಂತೆ.

"ಎಣ್ಣೆ ಅಲ್ಲ ಕಣಪ್ಪ. ಕೊಬ್ಬು. ದನದ್ದು. ಅಷ್ಟು ಕಾವಿಗೆ ಎಣ್ಣೆ ನಿಲ್ತಿರ್ಲಿಲ್ಲ. ಕರಗ್ಸಿ ಹಾಕ್ತಿದ್ದೆ. ಕೈಗೆಲ್ಲಾ ಮೆತ್ಕಳ್ಳದು. ಸಂಜೆ ಬೂದಿ ಹಚ್ಚಿ ಉಜ್ಜಿ ಉಜ್ಜಿ ತೊಳ್ಕಂಡು, ಮೈ ತೊಳ್ಕಂಡು, ಆಮೇಲೆ ಲಿಂಗ ಮುಟ್ತಿದ್ದೆ. ಇಪ್ಪತ್ತೆರಡು ವರ್ಷ. ಯಾರಿಗೂ ಹೇಳಿರ್ಲಿಲ್ಲ."

ಎಂಜಿನ್ನು ಓಡುತ್ತಲೇ ಇತ್ತು. ಈರುಳ್ಳಿ ಹೆಚ್ಚಿದ ಕೈಯನ್ನೂ ಎರಡು ಸಲ ತೊಳೆದು ಪೂಜೆಗೆ ಕೂರುವ ಮನೆ ನಮ್ಮದು. ಚಿಕ್ಕತಾತ ಎದ್ದು ನಿಂತರು. ಹೆಗಲ ಮೇಲಿನ ಟವೆಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಓಡ್ಸಿದ್ದೀಯ ಕಣಣ್ಣ. ಇಂಥದ್ದ ಯಾವನೂ ಕಟ್ಟಿ ಹೇಳಲ್ಲ."

ತಾತ ಅವರ ಕಡೆ ನೋಡಲಿಲ್ಲ. ಅವ್ವನ ಕಡೆ ನೋಡುತ್ತಿದ್ದರು. ಅವ್ವ ಬೆಂಕಿಗೆ ಇನ್ನೊಂದು ಮಟ್ಟೆ ಇಟ್ಟು, ಅದು ಹೊತ್ತಿಕೊಳ್ಳುವವರೆಗೆ ಕಾದು, ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಎಂಜಿನ್ನಿಗೇನು ಲಿಂಗಧಾರಣೆ ಆಗಿತ್ತಾ ಮಾವ? ಅದರ ಊಟ ಅದು ಉಂಡ್ತು. ಏಳಿ, ಕೈ ತೊಳ್ಕಳಿ, ರೊಟ್ಟಿ ಆರ್ತದೆ."

ಈ ಕೊನೆಯ ಭಾಗ ನಮ್ಮ ಮನೆತನದ ಕತೆಯಲ್ಲಿ ಇಲ್ಲ. ಮದುವೆ ಗೃಹಪ್ರವೇಶಗಳಲ್ಲಿ ಅಕ್ಕ ಹೇಳುವ ಕತೆ ಹೀಗಿದೆ: ಎಂಜಿನ್ ಓಡಿತು, ತಾತ "ಇದೇ ಕಣಪ್ಪ, ಇದೇ" ಎಂದು ಕಣ್ಣೀರು ಹಾಕಿದರು, ಚಿಕ್ಕತಾತ ಕಾಲಿಗೆ ಬಿದ್ದರು. ಕೇಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಮೊನ್ನೆ ವಿಡಿಯೋ ಕಾಲ್ ಮಾಡಿದಾಗ ಫೋನನ್ನು ಮೇಜಿನ ಮೇಲಿನ ಎಂಜಿನ್ನಿನ ಹತ್ತಿರ ಹಿಡಿದೆ. ಏಳು ಬಟ್ಟಲು ಒಂದೇ ಬಣ್ಣ, ಒಂದೇ ಕೈಕೆಲಸ. ಸಿಲಿಂಡರಿನ ನೆತ್ತಿಯ ಎಂಟನೆಯದು ಬೇರೆ ಹಿತ್ತಾಳೆ, ಸ್ವಲ್ಪ ಕೆಂಪು, ಸಣ್ಣದೊಂದು ನಲ್ಲಿಯ ಹಿಡಿ ಇರುವಂಥದ್ದು. ಎಲ್ಲ ಮುಗಿದ ಮೇಲೆ ತೂತು ಕೊರೆದು ಕೂರಿಸಿದ ಗುರುತು ಸುತ್ತಲೂ ಕಾಣುತ್ತದೆ. ತಾತ "ಇದೇ" ಎಂದಿದ್ದರೆ ಅಪ್ಪ ಇದನ್ನು ಯಾಕೆ ಮಾಡುತ್ತಿದ್ದ? ಅಕ್ಕ ಫೋನನ್ನು ಮುಖದ ಹತ್ತಿರಕ್ಕೆ ತಂದು ನೋಡಿದಳು.

"ಅದನ್ನ ಬರೀಬೇಡ ಕಣೇ," ಎಂದಳು.

ನೆನಪಿಲ್ಲ ಎನ್ನಲಿಲ್ಲ. ಬರೆಯುವವಳಾದ ಮೇಲೆ ನಾನು ಯಾರ ಕತೆ ಕೇಳಿದರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ, ನನ್ನದನ್ನೂ ಸೇರಿಸಿ. ಆ ಚಾಳಿ ಹತ್ತಿದ್ದು ಅಂಗಳದ ಆ ಬೆಳಿಗ್ಗೆಯಿಂದ. ಆದ್ದರಿಂದ ಅಕ್ಕನಿಗೆ ಇನ್ನೊಂದು ಮಾತು ಕೇಳಿದೆ: ಆ ವರ್ಷ ಸ್ನಾನದ ನೀರಿನ ಒಲೆಯನ್ನು ಅವ್ವ ಇದ್ದಕ್ಕಿದ್ದಂತೆ ಅರ್ಧ ಗಂಟೆ ತಡವಾಗಿ ಹೊತ್ತಿಸಲು ಶುರುಮಾಡಿದಳಲ್ಲ, ನೆನಪಿದೆಯಾ? ಇದೆ ಎಂದಳು, ತಕ್ಷಣ, ಸಿಟ್ಟಿನಿಂದ. ಅವಳಿಗೆ ದಿನಾ ಸ್ಕೂಲಿಗೆ ತಡವಾಗುತ್ತಿತ್ತು. ಯಾಕೆಂದು ಅವ್ವನನ್ನು ಕೇಳಿದರೆ ಅವ್ವ ಹೇಳುತ್ತಿರಲಿಲ್ಲ.

ಯಾಕೆಂದು ನಾನು ಹೇಳಿದೆ. ಅಪ್ಪ ಎಂಟನೆಯ ಬಟ್ಟಲು ಕೂರಿಸಿದ ಮರುದಿನ ತಾತ ಎದ್ದವರೇ ಬಚ್ಚಲಿಗೆ ಹೋಗಲಿಲ್ಲ. ಮೊದಲು ಅಂಗಳಕ್ಕೆ ಬಂದರು. ಒರಳುಕಲ್ಲಿನ ಹತ್ತಿರ ಶುರುಮಾಡಿದರು, ಮೂರು ಮೆಟ್ಟಿಲು ಇಳಿದರು, ಹತ್ತಿದರು, ಎಂಟು ಕಡೆ ನಿಂತರು. ಆಮೇಲೆ ಒಲೆಯ ಬೂದಿ ತೆಗೆದು ಮೊಣಕೈವರೆಗೂ ಉಜ್ಜಿ ತೊಳೆದು, ಅವ್ವ ಆಗತಾನೇ ಕಾಯಿಸಿಟ್ಟ ನೀರಿನಲ್ಲಿ ಸ್ನಾನ ಮಾಡಿ, ಪೂಜೆಗೆ ಕೂತರು.